ಧಾರವಾಡದ ಹೆಸರಿಲ್ಲದ ಬ್ಯಾಂಡು: ಹೋಗಿ ಕೇಳಿ, ತಕರಾರು ಒಂದೇ

ಧಾರವಾಡದಲ್ಲಿ ನಾಲ್ಕು ಜನ ಸೇರಿ ಒಂದು ಬ್ಯಾಂಡ್ ಕಟ್ಟಿದ್ದಾರೆ. ಹಾಡು ತಯಾರಾಗಿವೆ, ಹೆಸರು ಮಾತ್ರ ಇನ್ನೂ ಇಟ್ಟಿಲ್ಲ. ಎಲ್ಲ ಹಾಡೂ ಕನ್ನಡದ್ದು, ಎಲ್ಲವೂ ಸ್ವಂತದ್ದು. ಕೇಳುತ್ತಾ ಕೂತರೆ ನಿದ್ದೆಯೂ ಅಲ್ಲದ ಎಚ್ಚರವೂ ಅಲ್ಲದ ಒಂದು ಮಂಪರು ಹತ್ತುತ್ತದೆ, ಅದು ಬೇಜಾರಿನಿಂದ ಬರುವ ತೂಕಡಿಕೆ ಅಲ್ಲ, ಅದರ ವ್ಯತ್ಯಾಸ ಕೂತವರಿಗೆ ಗೊತ್ತಾಗುತ್ತದೆ. ಗಿಟಾರ್ ತಂತಿಯನ್ನು ಒಮ್ಮೆ ಮೀಟಿದರೆ ಆ ದನಿ ಪೂರ್ತಿ ಕರಗುವವರೆಗೂ ಕಾಯುವ ತಾಳ್ಮೆ ಈ ಹುಡುಗರಿಗಿದೆ. ನಮ್ಮ ಕಡೆ ಇಷ್ಟು ಚಿಕ್ಕ ವಯಸ್ಸಿನವರಲ್ಲಿ ಇದನ್ನು ನಾನು ನೋಡಿರಲಿಲ್ಲ.

ಕುಣಿಯೋಣ, ಶಿಳ್ಳೆ ಹೊಡೆಯೋಣ ಅಂತ ಹೋಗುವವರಿಗೆ ಮೊದಲೇ ಹೇಳುತ್ತೇನೆ, ದುಡ್ಡು ಉಳಿಸಿಕೊಳ್ಳಿ. ಗಣಪತಿ ಹಬ್ಬದ ಆರ್ಕೆಸ್ಟ್ರಾ ತರಹದ ಮಜಾ ಇಲ್ಲಿಲ್ಲ. ಸಿನಿಮಾ ಹಾಡು ಒಂದೂ ಇಲ್ಲ. ಶರೀಫಜ್ಜನ ಪದವೂ ಇಲ್ಲ! ಇದಕ್ಕೆ ನಾನು ಪ್ರತ್ಯೇಕವಾಗಿ ಚಪ್ಪಾಳೆ ಹೊಡೆಯುತ್ತೇನೆ, ಯಾಕಂದರೆ ನಮ್ಮ ಭಾಗದಲ್ಲಿ ಯಾರು ಗಿಟಾರ್ ಹಿಡಿದರೂ ಮೊದಲು ಕೈ ಹಾಕುವುದು ಶಿಶುನಾಳ ಶರೀಫರ ತತ್ವಪದಕ್ಕೇ. ಶರೀಫರು ದೊಡ್ಡವರು, ಅದರಲ್ಲಿ ಎರಡು ಮಾತಿಲ್ಲ. ಆದರೆ 1889ರಲ್ಲಿ ತೀರಿಕೊಂಡ ಅಜ್ಜನ ಮೇಲೆ ಇನ್ನೂ ಎಷ್ಟು ಬ್ಯಾಂಡುಗಳು ಸವಾರಿ ಮಾಡಬೇಕು? ಇವತ್ತಿನ ಹುಡುಗರು ಇವತ್ತಿನ ಮಾತನ್ನು ಹಾಡಿದರೆ ಅಜ್ಜನಿಗೇನೂ ಸಿಟ್ಟು ಬರಲಿಕ್ಕಿಲ್ಲ.

ನನಗೆ ಇವರ ಸುದ್ದಿ ಮುಟ್ಟಿಸಿದ್ದು ಹುಬ್ಬಳ್ಳಿ ವಿದ್ಯಾನಗರದ ಗೆಳತಿ. ವಾಟ್ಸಾಪಿನಲ್ಲಿ ಒಂದು ಆಡಿಯೋ ಕಳಿಸಿ, ಕೆಳಗೆ "ಇಯರ್‌ಫೋನ್ ಹಾಕ್ಕೊಂಡು ಕೇಳು, ಇಲ್ಲಾಂದ್ರ ಕೇಳಬ್ಯಾಡ" ಅಂತ ಬರೆದಿದ್ದಳು. ಅವಳು ಹೇಳಿದ್ದು ಸರಿ. ಈ ತರಹದ ಸಂಗೀತಕ್ಕೆ ಫೋನಿನ ಸ್ಪೀಕರ್ ಶತ್ರು. ಬೇಸ್ ಪೂರ್ತಿ ಮಾಯವಾಗುತ್ತದೆ, ಮೇಲಿನ ಝುಂಯ್ ಮಾತ್ರ ಉಳಿಯುತ್ತದೆ, ಆಮೇಲೆ "ಇದರಲ್ಲೇನಿದೆ" ಅಂತ ಜನ ಮುಂದಕ್ಕೆ ಸರಿಸಿಬಿಡುತ್ತಾರೆ.

ಕಾರ್ಯಕ್ರಮ ಇದ್ದದ್ದು ಸಪ್ತಾಪುರದ ಕಡೆಯ ಒಂದು ಸಣ್ಣ ಕೆಫೆಯ ಮೇಲ್ಮಹಡಿಯಲ್ಲಿ. ಟಿಕೆಟ್ 150 ರೂಪಾಯಿ, ಅದರಲ್ಲೇ ಒಂದು ಚಹಾ. ಆರೂವರೆಗೆ ಅಂದವರು ಶುರು ಮಾಡಿದ್ದು ಏಳೂಕಾಲಿಗೆ. ಬಂದವರಲ್ಲಿ ಅರ್ಧ ಜನ ಅಲ್ಲೇ ಸುತ್ತಮುತ್ತ ರೂಮು ಮಾಡಿಕೊಂಡು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರು, ಕೆಲವರ ಬಗಲಲ್ಲಿ ಸಾಮಾನ್ಯ ಜ್ಞಾನದ ಪುಸ್ತಕ ಹಾಗೇ ಇತ್ತು. ಯೂನಿವರ್ಸಿಟಿಯ ಒಂದು ಗುಂಪು. ಮುಂದಿನ ಸಾಲಿನಲ್ಲಿ ಕೋಟು ಹಾಕಿದ ಒಬ್ಬ ಅಜ್ಜ, ಧಾರವಾಡದ ಯಾವ ಬೈಠಕ್ಕಿಗೆ ಹೋದರೂ ಇಂಥವರೊಬ್ಬರು ಇದ್ದೇ ಇರುತ್ತಾರೆ, ಅಲ್ವಾ? ಮಾಡು ತಗಡಿನದು. ಹೊರಗೆ ನಮ್ಮೂರಿನ ಜಿಟಿಜಿಟಿ ಮಳೆ. ಸಂಘಟಕರು ಪಾಪ ಮಳೆ ಬಗ್ಗೆ ಕ್ಷಮೆ ಕೇಳಿದರು, ಆದರೆ ಸಣ್ಣ ಮಳೆ ತಗಡಿನ ಮೇಲೆ ಬೀಳುವ ಸದ್ದು ಇವರ ಹಾಡಿಗೆ ಅಡ್ಡಿ ಮಾಡಲಿಲ್ಲ, ಒಂದೆರಡು ಕಡೆ ಅದನ್ನೂ ಅವರೇ ಹಾಕಿಸಿದ್ದಾರೇನೋ ಅನಿಸಿತು. ತಗಡು ತೊಂದರೆ ಕೊಟ್ಟದ್ದು ಬೇರೆ ರೀತಿಯಲ್ಲಿ, ಅದಕ್ಕೆ ಆಮೇಲೆ ಬರುತ್ತೇನೆ.

ಈಗ ಅಸಲಿ ವಿಷಯ. ಗಿಟಾರ್ ಹುಡುಗ ಸಣ್ಣವನಿದ್ದಾಗ ಸಿತಾರ್ ಕಲಿತವನು. ಧಾರವಾಡದಲ್ಲಿ ಇದೇನು ಆಶ್ಚರ್ಯ ಅಲ್ಲ, ಸಿತಾರ್ ರತ್ನ ರಹಿಮತ್ ಖಾನರು ಇಲ್ಲಿಗೆ ಬಂದು ನೆಲೆಸಿದ ಮೇಲೆ ಮಗ, ಮೊಮ್ಮಕ್ಕಳ ಕಾಲಕ್ಕೂ ಈ ಊರಲ್ಲಿ ಸಿತಾರ್ ಪಾಠ ನಿಂತಿಲ್ಲ. ಆದರೆ ಕಲಿತದ್ದನ್ನು ಇವನು ಬಳಸಿಕೊಂಡ ರೀತಿ ಮಸ್ತ್ ಇದೆ. ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವಾಗ ಬೆರಳನ್ನು ಮುಂದಿನ ಪಟ್ಟಿಗೆ ಎತ್ತಿಡುವುದಿಲ್ಲ, ಇದ್ದಲ್ಲೇ ತಂತಿಯನ್ನು ಅಡ್ಡಕ್ಕೆ ಎಳೆಯುತ್ತಾನೆ, ಸಿತಾರಿನ ಮೀಂಡ್ ಅನ್ನೇ ಗಿಟಾರಿನಲ್ಲಿ ಮಾಡುತ್ತಾನೆ. ಕಾಲ ಕೆಳಗೆ ಡಿಲೇ ಪೆಡಲ್ ಇದೆ. ನುಡಿಸಿದ್ದನ್ನು ಅದು ಸ್ವಲ್ಪ ತಡ ಮಾಡಿ ಮತ್ತೆ ಮತ್ತೆ ಕೇಳಿಸುತ್ತದೆ. ಇವನು ಸ್ವರವನ್ನು ಎಳೆದು ಮೇಲೆ ಮುಟ್ಟಿಸುವಷ್ಟರಲ್ಲಿ ಹಿಂದಿನ ಎಳೆತ ಕೆಳಗಿನಿಂದ ಹೊರಟು ಬರುತ್ತಿರುತ್ತದೆ, ಅದರ ಹಿಂದೆ ಇನ್ನೊಂದು. ಒಬ್ಬನೇ ನುಡಿಸಿದರೂ ಮೂರು ಮಂದಿ ಒಬ್ಬರ ಬೆನ್ನು ಹಿಂದೊಬ್ಬರು ಏರುತ್ತಿದ್ದಾರೆ ಅನಿಸುತ್ತದೆ. ಇಂಗ್ಲಿಷ್ ಬ್ಯಾಂಡುಗಳಲ್ಲಿ ಡಿಲೇ ಸಾಕಷ್ಟು ಕೇಳಿದ್ದೇನೆ. ಮೀಂಡ್ ಜೊತೆ ಸೇರಿದಾಗ ಅದು ಬೇರೆಯೇ ಆಗುತ್ತದೆ.

ಇದಕ್ಕಿಂತ ನನಗೆ ಹಿಡಿಸಿದ್ದು ಪೇಟಿ. ಹೌದು, ಹಾರ್ಮೋನಿಯಂ, ನಮ್ಮ ಭಜನೆ ಮನೆಯದ್ದು, ಕಂಪನಿ ನಾಟಕದ್ದು. ಹಾಡುವ ಹುಡುಗಿಯೇ ಅದನ್ನು ನುಡಿಸುತ್ತಾಳೆ. ಪೇಟಿಯ ಕಷ್ಟ ಏನೆಂದರೆ ಬೆರಳಿಂದ ಒತ್ತುವ ಒಂದೊಂದು ಮನೆಗೂ ಒಂದೊಂದು ಗಟ್ಟಿ ಸ್ವರ, ನಡುವೆ ಜಾರುವ ದಾರಿ ಇಲ್ಲ. ಹಿಂದೂಸ್ತಾನಿಗೆ ಹೊಂದುವುದಿಲ್ಲ ಅಂತ 1940ರಲ್ಲಿ ಇದನ್ನು ಆಕಾಶವಾಣಿಯಿಂದ ಹೊರಗೇ ಹಾಕಿದ್ದರು, ಬಾಗಿಲು ಸ್ವಲ್ಪ ತೆರೆದದ್ದು 70ರ ದಶಕದಲ್ಲಿ. ಅಂದರೆ ನಮ್ಮ ಧಾರವಾಡ ಆಕಾಶವಾಣಿ 1950ರಲ್ಲಿ ಶುರುವಾದಾಗ ಊರ ತುಂಬ ಪೇಟಿ, ರೇಡಿಯೊ ಒಳಗೆ ಮಾತ್ರ ಪೇಟಿಗೆ ಜಾಗ ಇಲ್ಲ! ಈ ಹುಡುಗಿ ಅದರ ಮುಂದೆ ಒಂದು ಮೈಕಿಟ್ಟು, ದನಿಯನ್ನು ಉದ್ದನೆಯ ರಿವರ್ಬ್ ಒಳಗೆ, ಅಂದರೆ ದೊಡ್ಡ ಖಾಲಿ ಕೋಣೆಯಲ್ಲಿ ಮಾರ್ದನಿಸಿದ ಹಾಗೆ ದನಿಗೆ ಬಾಲ ಕೊಡುವ ಎಫೆಕ್ಟಿನೊಳಗೆ, ಬಿಡುತ್ತಾಳೆ. ಒಂದು ಸ್ವರದ ಬಾಲ ಮುಗಿಯುವ ಮೊದಲೇ ಇನ್ನೊಂದು ಸ್ವರ ಬಂದು ಅದರಲ್ಲಿ ಬೆರೆಯುತ್ತದೆ. ಯಾವ ಗಟ್ಟಿತನಕ್ಕೆ ಪೇಟಿ ಬೈಸಿಕೊಂಡಿತ್ತೋ ಅದೇ ಇಲ್ಲಿ ಕರಗಿ ಹೋಗುತ್ತದೆ. ತಿದಿ ಒತ್ತುವಾಗಿನ ಸಣ್ಣ ಉಸಿರಿನ ಸದ್ದನ್ನೂ ಮೈಕು ಹಿಡಿಯುತ್ತದೆ, ಅದನ್ನು ಅವರು ತೆಗೆದು ಹಾಕಿಲ್ಲ. ಒಳ್ಳೆಯ ನಿರ್ಧಾರ.

ಬೇಸ್ ಹುಡುಗಿ ಜಾಸ್ತಿ ಏನೂ ಮಾಡುವುದಿಲ್ಲ. ಷಡ್ಜ ಹಿಡಿದು ನಿಂತುಬಿಡುತ್ತಾಳೆ, ಬಹಳ ಅಂದರೆ ಪಂಚಮಕ್ಕೆ ಹೋಗಿ ವಾಪಸ್ ಬರುತ್ತಾಳೆ. ತಂಬೂರಿಯ ಕೆಲಸ ಅವಳದ್ದು. ಡ್ರಮ್ಸ್ ಹುಡುಗ ಬ್ರಷ್ ಹಿಡಿದು ಮೆತ್ತಗೆ ಶುರು ಮಾಡುತ್ತಾನೆ, ಆದರೆ ಅವನಿಗೆ ಸುಮ್ಮನಿರುವುದು ಇನ್ನೂ ಬಂದಿಲ್ಲ. ಉಳಿದ ಮೂವರು ಬಿಟ್ಟ ಜಾಗವನ್ನೆಲ್ಲ ಇವನು ತುಂಬಿಸುತ್ತಾನೆ. ಸಿಂಬಲ್ ಸ್ವಲ್ಪ ಕಮ್ಮಿ ಮಾಡಪ್ಪ ತಮ್ಮಾ.

ಹಾಡುಗಳಿಗೆ ಇನ್ನೂ ಶೀರ್ಷಿಕೆ ಪಕ್ಕಾ ಆಗಿಲ್ಲ, ಹಾಗಾಗಿ ನಾನು ಗುರುತು ಹಿಡಿದ ರೀತಿಯಲ್ಲೇ ಹೇಳುತ್ತೇನೆ. ಮೊದಲನೆಯದು ಚಿಗರಿ ಬಸ್ಸಿನ ಹಾಡು. ರಾತ್ರಿ ಹುಬ್ಬಳ್ಳಿಯಿಂದ ಧಾರವಾಡಕ್ಕೆ ವಾಪಸ್ ಬರುವ ಒಬ್ಬಳ ಮಾತು. ಸುಮಾರು 20 ಕಿಲೋಮೀಟರಿನ ದಾರಿ, ಎಸಿ ಬಸ್ಸು, ಗಾಜಿನ ಆಚೆ ಉಣಕಲ್ ಕೆರೆಯ ಕತ್ತಲೆ, ನವನಗರದ ದೀಪಗಳು. ದಿನಾ ಓಡಾಡುವವರಿಗೆ ಆ ಬಸ್ಸಿನಲ್ಲಿ ಬರುವ ಮಂಪರು ಗೊತ್ತೇ ಇದೆ. "ಟೋಲ್ ನಾಕಾ ದಾಟ್ತು, ನಿನ್ನ ಮಾತು ದಾಟ್ಲಿಲ್ಲ" ಅನ್ನುವ ಸಾಲು ನಾಲ್ಕು ಸಲ ಬರುತ್ತದೆ, ಪ್ರತಿ ಸಲವೂ ಗಿಟಾರ್ ಒಂದು ಸ್ವರ ಕೆಳಗಿಳಿಯುತ್ತದೆ. ಪ್ರೇಮದ ಹಾಡು ಬರೆಯಲು ಚಂದ್ರ, ಕಡಲು ಯಾವುದೂ ಬೇಕಾಗಿಲ್ಲ, ಒಂದು ಸ್ಟಾಪಿನ ಹೆಸರು ಸಾಕಾಯಿತು. ಇಂಥ ಕಡೆ ನನಗೆ ಈ ತಂಡದ ಮೇಲೆ ನಂಬಿಕೆ ಬಂತು.

ಎರಡನೆಯದು ಹುಬ್ಬಳ್ಳಿ ಸ್ಟೇಷನ್ನಿನದ್ದು. ನಮ್ಮ ಸ್ಟೇಷನ್ನಿನ 1507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಇದೆಯಲ್ಲ, 2023ರಲ್ಲಿ ಉದ್ಘಾಟನೆ ಆದದ್ದು, ಜಗತ್ತಿನಲ್ಲೇ ಉದ್ದದ್ದು ಅಂತ ನಾವೆಲ್ಲ ನೆಂಟರಿಗೆ ಹೇಳಿಕೊಂಡು ತಿರುಗುವುದು, ಅದರ ಮೇಲೆ ಒಬ್ಬ ಹುಡುಗ ತನ್ನ ಬೋಗಿ ಹುಡುಕುತ್ತಾ ನಡೆಯುತ್ತಾನೆ. ಅಷ್ಟೇ ಕಥೆ. ನಡೆಯುತ್ತಲೇ ಇರುತ್ತಾನೆ. ಹಾಡು ಏಳೆಂಟು ನಿಮಿಷ ಇದೆ, ಅರ್ಧ ದಾಟಿದ ಮೇಲೆ ಮಾತು ನಿಂತು ಬರೀ ಬೇಸ್ ಮತ್ತು ದೂರದಿಂದ ಬರುವ ರೈಲಿನ ಸದ್ದು ಉಳಿಯುತ್ತದೆ, ಅದನ್ನು ಅವರೇ ಪ್ಲಾಟ್‌ಫಾರ್ಮಿನಲ್ಲಿ ರೆಕಾರ್ಡ್ ಮಾಡಿ ತಂದಿದ್ದಂತೆ. ಹೆಮ್ಮೆಯ ಸಂಗತಿಯೊಂದನ್ನು ಕಾಲು ನೋವಿನ ಸಂಗತಿ ಮಾಡಿದ್ದಾರೆ! ಹಿಂದೆ ಯಾರೋ "ಖರೇ ಐತಿ ನೋಡಪಾ" ಅಂದು ನಕ್ಕರು.

ಮೂರನೆಯದು ಸಾದಾ ಪ್ರೇಮಗೀತೆ, ಅದರ ಬಗ್ಗೆ ಬರೆಯಲು ಏನಿಲ್ಲ, ಬಿಟ್ಟರೂ ನಡೆಯುತ್ತಿತ್ತು. ಮಧ್ಯೆ ಮಾತಿಲ್ಲದ ಒಂದು ವಾದ್ಯದ ತುಣುಕು ನುಡಿಸಿದರು. ಚೆನ್ನಾಗಿತ್ತು, ಸ್ವಲ್ಪ ಉದ್ದವಾಯಿತು.

ತಕರಾರು ಅಂದೆನಲ್ಲ, ಅದು ಹುಡುಗಿಯ ದನಿಯದ್ದು. ದನಿ ಕೆಟ್ಟದ್ದು ಅಂತಲ್ಲ. ಕೇಳಿಸುವುದೇ ಇಲ್ಲ! ಗಿಟಾರಿಗೂ ರಿವರ್ಬ್, ಪೇಟಿಗೂ ರಿವರ್ಬ್, ಡ್ರಮ್ಸಿಗೂ ಸ್ವಲ್ಪ, ಅದರ ಮೇಲೆ ಹಾಡುವ ಮೈಕಿಗೆ ಎಲ್ಲಕ್ಕಿಂತ ಜಾಸ್ತಿ. ಗಿರ್ಮಿಟ್ ಮೇಲೆ ಪುಟಾಣಿ ಹಿಟ್ಟು ಒಂದು ಹಿಡಿ ಜಾಸ್ತಿ ಸುರಿದರೆ ಈರುಳ್ಳಿ, ಟೊಮೆಟೊ, ಹುಣಸೆ ಎಲ್ಲಾ ಒಂದೇ ರುಚಿ ಆಗುತ್ತದಲ್ಲ, ಅದೇ ಕತೆ. ಇದಕ್ಕೆ ತಗಡಿನ ಮಾಡು ಬೇರೆ. ತಗಡು ಸದ್ದನ್ನು ಹೀರಿಕೊಳ್ಳುವುದಿಲ್ಲ, ವಾಪಸ್ ಎಸೆಯುತ್ತದೆ. ಅಂದರೆ ಆ ಕೋಣೆಯಲ್ಲೇ ಒಂದಿಷ್ಟು ರಿವರ್ಬ್ ಪುಕ್ಕಟೆ ಸಿಗುತ್ತದೆ, ಅಂಥ ಕಡೆ ಮಿಕ್ಸರಿನಲ್ಲಿ ಕಮ್ಮಿ ಮಾಡಬೇಕು. ಸೌಂಡ್ ನೋಡುತ್ತಿದ್ದ ಹುಡುಗ ಖಾಲಿ ಕೋಣೆಯಲ್ಲಿ ಒಮ್ಮೆ ಹೊಂದಿಸಿದ್ದನ್ನು ಕಡೆಯವರೆಗೂ ಮುಟ್ಟಲಿಲ್ಲ.

ಇಂಗ್ಲಿಷಿನಲ್ಲಿ ಇದು ನಡೆಯುತ್ತದೆ ಅಂತ ಯಾರಾದರೂ ಹೇಳಬಹುದು. ನಡೆದಿದೆ, ನಿಜ. 80ರ ದಶಕದಲ್ಲಿ ಬ್ರಿಟನ್ನಿನಲ್ಲಿ ಈ ಮಂಪರಿನ ಸಂಗೀತ ಬೆಳೆದಾಗ ಹಾಡುವವರ ದನಿಯನ್ನು ಗಿಟಾರಿನ ಹಿಂದೆ ಮುಳುಗಿಸುವುದೇ ಒಂದು ಶೈಲಿ ಆಯಿತು. ಸ್ಕಾಟ್ಲೆಂಡಿನ ಕಾಕ್ಟೋ ಟ್ವಿನ್ಸ್ ತಂಡದ ಗಾಯಕಿಯ ಎಷ್ಟೋ ಹಾಡುಗಳಲ್ಲಿ ಮಾತೇನೆಂದು ಅಲ್ಲಿನವರಿಗೂ ತಿಳಿಯುತ್ತಿರಲಿಲ್ಲ, ದನಿಯೇ ಸಾಕಾಗಿತ್ತು. ಆದರೆ ಅವರ ಹಾಡಿನಲ್ಲಿ ಟೋಲ್ ನಾಕಾ ಇರಲಿಲ್ಲ. ಈ ತಂಡದ ಅರ್ಧ ತಾಕತ್ತು ಮಾತಿನಲ್ಲಿದೆ, ಅದನ್ನೇ ಮುಚ್ಚಿದರೆ ಹೇಗೆ? ಅದೂ ಅಲ್ಲದೆ ಕನ್ನಡದಲ್ಲಿ ಒತ್ತು ಹೋದರೆ ಅರ್ಥವೇ ಹೋಯಿತು. ಸ್ಟೇಷನ್ ಹಾಡಿನಲ್ಲಿ ಅವಳು ಹಾಡಿದ್ದು ಹಳಿ ಅಂತಲೋ ಹಳ್ಳಿ ಅಂತಲೋ ನನಗೆ ತಿಳಿಯಲಿಲ್ಲ, ಪಕ್ಕದಲ್ಲಿ ಕೂತವಳಿಗೂ ತಿಳಿಯಲಿಲ್ಲ. ಎರಡೂ ಹೊಂದುತ್ತಿತ್ತು ಬಿಡಿ.

ಇದು ಬರೀ ಸೌಂಡ್ ಹುಡುಗನ ತಪ್ಪಲ್ಲ ಅಂತ ಗೊತ್ತಾದದ್ದು ಕಡೆಯ ಹಾಡಿನಲ್ಲಿ. ಗಿಟಾರಿನ ಕೇಬಲ್ ಏನೋ ಕೈಕೊಟ್ಟಿತು, ಕರ್ ಕರ್ ಅಂತು, ಅವನು ಬಗ್ಗಿ ಅದನ್ನು ತಿರುವುತ್ತಾ ಕೂತ. ಜನ ಎದ್ದು ಹೋಗಬಾರದಲ್ಲ, ಹುಡುಗಿ ಪೇಟಿಯನ್ನು ಮೈಕಿನಿಂದ ಈಚೆ ಎಳೆದುಕೊಂಡು ಸುಮ್ನೆ ಹಾಗೇ ಹಾಡಿದಳು. ಎಫೆಕ್ಟ್ ಇಲ್ಲ, ಸ್ಪೀಕರ್ ಇಲ್ಲ. ತನ್ನ ಅಜ್ಜಿ ಫೋನಿನಲ್ಲಿ ಕೇಳುವ ಪ್ರಶ್ನೆಗಳನ್ನೇ ಸಾಲಾಗಿ ಜೋಡಿಸಿದ ಹಾಡು, ಊಟ ಆತೇನು, ಮಳಿ ಆತೇನು, ಯಾವಾಗ ಬರ್ತಿ. ಉತ್ತರ ಒಂದೂ ಇಲ್ಲ ಹಾಡಿನಲ್ಲಿ. ದನಿ ಸ್ವಲ್ಪ ಒರಟು, ಮೇಲಿನ ಸ್ವರದಲ್ಲಿ ತುಸು ಒಡೆಯುತ್ತದೆ, ಆದರೆ ಎಂಥಾ ದನಿ! ಅಷ್ಟು ಹೊತ್ತು ಇದನ್ನು ಯಾಕೆ ಅಡಗಿಸಿಟ್ಟಿದ್ದರು ಅಂತ ನನಗೆ ಸಿಟ್ಟೇ ಬಂತು.

ಮುಗಿದ ಮೇಲೆ ಕೇಳಿಯೇಬಿಟ್ಟೆ. "ಧ್ವನಿ ಯಾಕ ಅಷ್ಟು ಹಿಂದ ಇಟ್ಟೀರಿ ತಂಗಿ?" ಅಂದೆ. "ನನ್ನ ಧ್ವನಿ ಮ್ಯಾಲ ನನಗ ಭರವಸೆ ಇಲ್ರೀ ಅಕ್ಕಾರ, ರಿವರ್ಬ್ ಇದ್ರ ತಪ್ಪಿದ್ದು ಗೊತ್ತಾಗಂಗಿಲ್ಲ ನೋಡ್ರಿ" ಅಂದಳು, ನಕ್ಕಳು. ಪಕ್ಕದಲ್ಲಿ ಕೋಟಿನ ಅಜ್ಜ ನಿಂತಿದ್ದರು. "ತಪ್ಪಿದ್ದು ಗೊತ್ತಾಗಂಗಿಲ್ಲ ಖರೇ, ಛಲೋ ಹಾಡಿದ್ದೂ ಗೊತ್ತಾಗಂಗಿಲ್ಲಲ್ಲ ಯವ್ವಾ" ಅಂದರು. ಈ ವಿಮರ್ಶೆಯನ್ನು ನಾನು ಬರೆಯುವ ಬದಲು ಅವರ ಕೈಯಲ್ಲಿ ಬರೆಸಬೇಕಿತ್ತು.

ಇನ್ನೊಂದು ಮಾತು ಸಂಘಟಕರಿಗೆ. ಶುರುವಿಗೆ ನಿರೂಪಕರು ಮೈಕ್ ಹಿಡಿದು ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು, ಭೀಮಸೇನ ಜೋಶಿ ಅಂತ ಎಲ್ಲರ ಹೆಸರು ತೆಗೆದುಕೊಂಡು, ಧಾರವಾಡದ ಮಣ್ಣಿನ ಗುಣ, ಇಲ್ಲಿ ಕಲ್ಲು ಒಗೆದರೆ ಕವಿಗೋ ಗಾಯಕರಿಗೋ ಬೀಳುತ್ತದೆ ಅಂತ ಬಹಳ ಹೊತ್ತು ಮಾತಾಡಿದರು. ಪಾಪ, ನಾಲ್ವರೂ ತಲೆ ತಗ್ಗಿಸಿ ತಮ್ಮ ತಮ್ಮ ಕೇಬಲ್ ನೋಡುತ್ತಾ ನಿಂತಿದ್ದರು. 20 ದಾಟಿದ ಮಕ್ಕಳ ಹೆಗಲ ಮೇಲೆ ಹಿಂದೂಸ್ತಾನಿ ಗಾಯನದ ಇಡೀ ಕಿರಾನಾ ಘರಾಣೆ, ಜೈಪುರ ಘರಾಣೆ ಹೊರಿಸಿದರೆ ಅವರು ಹಾಡುವುದು ಹೇಗೆ? ಅವರು ಖಯಾಲ್ ಹಾಡುತ್ತಿಲ್ಲ. ಮಣ್ಣಿನಿಂದ ಸಂಗೀತ ಬರುವುದಿಲ್ಲ, ಬೆಳಗ್ಗೆ ಎದ್ದು ರಿಯಾಜ್ ಮಾಡಿದರೆ ಬರುತ್ತದೆ, ಮನ್ಸೂರರಿಗೂ ಗಂಗೂಬಾಯಿಯವರಿಗೂ ಹಾಗೇ ಬಂದದ್ದು. ಗಂಗೂಬಾಯಿ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಸವಾಯಿ ಗಂಧರ್ವರ ಹತ್ತಿರ ಕಲಿತು ಬರುತ್ತಿದ್ದರು.

ಆದರೆ ಊರಿನ ಪಾಲು ಏನೂ ಇಲ್ಲ ಅಂತಲೂ ಹೇಳುವುದಿಲ್ಲ. ಅದು ಕೇಳುವವರಲ್ಲಿದೆ. ನಮ್ಮ ಜನಕ್ಕೆ ಒಂದೇ ಸ್ವರವನ್ನು ಬಹಳ ಹೊತ್ತು ಕೇಳುವುದು ಹೊಸದಲ್ಲ. ತಂಬೂರಿ ಶ್ರುತಿ ಮಾಡುವಾಗಲೇ ಕಣ್ಣು ಮುಚ್ಚಿ ಕೂರುವ ಜನ ಇಲ್ಲಿದ್ದಾರೆ, ನಿಧಾನ ಲಯದ ವಿಲಂಬಿತದಲ್ಲಿ ತಾಳದ ಒಂದು ಸುತ್ತು ಮುಗಿದು ಸಮ್, ಅಂದರೆ ಮೊದಲ ಪೆಟ್ಟು, ಬರಲು ನಿಮಿಷದ ಹತ್ತಿರ ಆದರೂ ಗಡಿಯಾರ ನೋಡುವುದಿಲ್ಲ. ಸ್ಟೇಷನ್ ಹಾಡು ಏಳು ನಿಮಿಷ ಓಡಿದಾಗ ಫೋನ್ ತೆಗೆದವರು ತೀರಾ ಕಡಿಮೆ. ಬೇರೆ ಊರಿನಲ್ಲಿ ಇದೇ ಹಾಡಿಗೆ ಮೂರನೇ ನಿಮಿಷಕ್ಕೆ ಹರಟೆ ಶುರುವಾಗುತ್ತಿತ್ತು ಅಂತ ನನ್ನ ಅಂದಾಜು. ಈ ತಂಡಕ್ಕೆ ಊರಿನಿಂದ ಸಿಗುವ ದೊಡ್ಡ ಲಾಭ ಇದೇ.

ರೆಕಾರ್ಡಿಂಗ್ ಬಗ್ಗೆ ಸ್ವಲ್ಪ. 100 ರೂಪಾಯಿ ಫೋನ್‌ಪೇ ಮಾಡಿದರೆ ನಾಲ್ಕು ಹಾಡಿನ ಫೈಲು ಕಳಿಸುತ್ತಾರೆ. ಮನೆಯ ಕೋಣೆಯಲ್ಲಿ ಗೋಡೆಗೆ ಗಾದಿ ನಿಲ್ಲಿಸಿ ಮಾಡಿದ್ದಂತೆ. ಮಜಾ ಏನೆಂದರೆ ಇದರಲ್ಲಿ ದನಿ ವೇದಿಕೆಗಿಂತ ಸ್ಪಷ್ಟ ಇದೆ, ಚಿಗರಿ ಹಾಡಿನ ಮಾತು ಮುಕ್ಕಾಲು ಪಾಲು ತಿಳಿಯುತ್ತದೆ. ಡ್ರಮ್ಸ್ ಮಾತ್ರ ಪೊಳ್ಳು, ಕಂಪ್ಯೂಟರಿನಿಂದ ಹಾಕಿದ್ದು ಅಂತ ಗೊತ್ತಾಗುತ್ತದೆ. ಅಜ್ಜಿಯ ಹಾಡು ಇದರಲ್ಲಿ ಇಲ್ಲ. ಅದನ್ನು ಹಾಕದೆ ಮೂರನೆಯ ಪ್ರೇಮಗೀತೆಯನ್ನು ಹಾಕಿದ್ದಾರೆ ಅಂದರೆ ಇವರಿಗೆ ತಮ್ಮದರಲ್ಲಿ ಯಾವುದು ಒಳ್ಳೆಯದು ಅಂತ ಇನ್ನೂ ತಿಳಿದಿಲ್ಲ. ಆದರೂ 100 ರೂಪಾಯಿಗೆ ಮೋಸ ಇಲ್ಲ, ಸ್ಟೇಷನ್ ಹಾಡೊಂದಕ್ಕೇ ಕೊಡಬಹುದು. ಒಳ್ಳೆ ಹೆಡ್‌ಫೋನ್ ಬೇಕು, ಅಷ್ಟೇ.

ಹೆಸರು ಯಾಕಿಟ್ಟಿಲ್ಲ ಅಂತಲೂ ಕೇಳಿದೆ. ನಾಲ್ಕು ಜನ, ನಾಲ್ಕು ಹೆಸರು, ಯಾರೂ ಬಿಟ್ಟುಕೊಡುತ್ತಿಲ್ಲ. ಕೇಳಲು ತಮಾಷೆಯಾಗಿದೆ, ಆದರೆ ನಷ್ಟ ಅವರಿಗೇ. ಹುಡುಕಿದರೆ ಸಿಗುವುದಿಲ್ಲ, ಯಾರಿಗಾದರೂ ಹೇಳಬೇಕಾದರೆ "ಅದೇ ಪೇಟಿ ಹುಡುಗಿ ಇದ್ದಾಳಲ್ಲ" ಅಂತ ಶುರು ಮಾಡಬೇಕು. ಪೋಸ್ಟರಿನಲ್ಲಿ ಬರೀ "ಹೊಸ ಹಾಡುಗಳು" ಅಂತಿತ್ತು. ಇಷ್ಟು ಒಳ್ಳೆಯ ಹಾಡು ಬರೆದವರಿಗೆ ಒಂದು ಚೀಟಿ ಎತ್ತಿ ಹೆಸರು ಇಡಲು ಏನು ಕಷ್ಟ? ಎತ್ತಿ ಮುಗಿಸಿ, ಎರಡು ದಿನ ಜಗಳ ಆಡಿ, ಮತ್ತೆ ನುಡಿಸಿ.

ಮತ್ತೆ ಯಾವಾಗ ನುಡಿಸುತ್ತಾರೆ ಅನ್ನುವ ಸುದ್ದಿ ಸದ್ಯಕ್ಕೆ ಆ ಕೆಫೆಯ ಕೌಂಟರಿನ ಪಕ್ಕದ ಬೋರ್ಡಿನಲ್ಲೇ ಬರುತ್ತದೆ. ಹೋಗುವವರು ಸ್ಪೀಕರಿನ ಹತ್ತಿರ ಕೂರಬೇಡಿ, ಪೇಟಿಯ ಕಡೆ, ಅಂದರೆ ಬಾಗಿಲು ಹೊಕ್ಕರೆ ಎಡಕ್ಕೆ, ಮುಂದೆ ಹೋಗಿ ಕೂತರೆ ಹುಡುಗಿಯ ದನಿ ನೇರವಾಗಿ ಕಿವಿಗೆ ಬೀಳುತ್ತದೆ. ಗಾಡಿ ನಿಲ್ಲಿಸಲು ಜಾಗ ಇಲ್ಲ. ಹುಬ್ಬಳ್ಳಿಯವರು ಚಿಗರಿಯಲ್ಲೇ ಬನ್ನಿ, ಆದರೆ ರಾತ್ರಿ ಕಡೆಯ ಬಸ್ಸಿನ ಟೈಮು ಕೇಳಿಕೊಂಡೇ ಹತ್ತಿ, ಯಾಕಂದರೆ ಇವರು ಸಮಯಕ್ಕೆ ಶುರು ಮಾಡುವುದಿಲ್ಲ. ಚಹಾ ಚೆನ್ನಾಗಿದೆ. ಸ್ಯಾಂಡ್‌ವಿಚ್ ಬಗ್ಗೆ ನಾನು ಏನೂ ಹೇಳುವುದಿಲ್ಲ, ಮನೆಯಲ್ಲೇ ಊಟ ಮಾಡಿ ಹೋಗಿ.